ಚಿತ್ರ ಬರೀ ಅಲಂಕಾರವಲ್ಲ

ವೈಜ್ಞಾನಿಕ ಕಲ್ಪನೆಯ (ಸೈನ್ಸ್ ಫಿಕ್ಷನ್) ಕಾಮಿಕ್ಸ್‌ನಲ್ಲಿ ಕಥೆಯೇ ಜೀವಾಳ, ಚಿತ್ರ ಬರೀ ಅಲಂಕಾರ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತನ್ನು ನಾನಂತೂ ಒಪ್ಪುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಮೋಬಿಯಸ್ 1975ರಲ್ಲಿ ‘ಅರ್ಜಾಕ್’ ಎಂಬ ಕಾಮಿಕ್ಸ್ ರಚಿಸಿದಾಗ ಮಾತಿನ ಗುಳ್ಳೆಗಳ ಹಂಗೇ ಇಟ್ಟುಕೊಂಡಿರಲಿಲ್ಲ. ರೆಕ್ಕೆಯ ಪ್ರಾಣಿಯ ಬೆನ್ನೇರಿದ ಒಂಟಿ ಸವಾರ, ಕೆಳಗೆ ಬಟಾಬಯಲು, ಬಂಡೆಗಳಿಗೆ ಕೂದಲೆಳೆಯಂಥ ಗೆರೆಗಳ ನೆರಳು. ಅಷ್ಟರಿಂದಲೇ ಇಡೀ ಲೋಕ ಎದ್ದು ನಿಲ್ಲುತ್ತದೆ.

ಸಿನಿಮಾದಲ್ಲಿ ಆಕಾಶನೌಕೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಮಾಯ. ಪುಟದ ಮೇಲಾದರೆ ಅದರ ತುಕ್ಕು, ಕೊಳವೆ, ತೇಪೆ ಹಾಕಿದ ತಗಡು ಎಲ್ಲವನ್ನೂ ಮನಸೋಇಚ್ಛೆ ನೋಡುತ್ತಾ ಕೂರಬಹುದು. ಆ ನೌಕೆ ಎಷ್ಟು ಯುದ್ಧ ಕಂಡಿದೆಯೆಂದು ಯಾರೂ ಹೇಳಬೇಕಿಲ್ಲ. ಈಚೆಗೆ ಕಂಪ್ಯೂಟರಿನಲ್ಲಿ ಬಳಿಯುವ ಹೊಳಪಿನ ಬಣ್ಣಗಳಡಿ ಇಂಥ ಗೆರೆಗಳು ಮುಚ್ಚಿಹೋಗುತ್ತಿರುವುದು (ಎಲ್ಲರೂ ಹಾಗೆ ಮಾಡುವುದಿಲ್ಲ, ನಿಜ) ನನಗೆ ಸ್ವಲ್ಪವೂ ಹಿಡಿಸದು. ಲೇಖಕರು ಅದರ ಬಗ್ಗೆಯೂ ಬರೆಯಲಿ.