ಕಾರು ಚಾರ್ಜ್ ಮಾಡೋ ವೇಳೆಯನ್ನು ಇಂಗ್ಲೆಂಡಿನಿಂದ ನಕಲು ಮಾಡಬೇಡಿ

ಎಲೆಕ್ಟ್ರಿಕ್ ಕಾರನ್ನು ರಾತ್ರಿಯೇ ಚಾರ್ಜಿಗೆ ಹಾಕಬೇಕು ಅನ್ನೋದು ಇಂಗ್ಲೆಂಡಿನಲ್ಲಿರುವ ನಮಗೆಲ್ಲ ಬಾಯಿಪಾಠ. ಇಲ್ಲಿ ಅದು ಸರಿಯೇ. ನಡುರಾತ್ರಿ ಎಲ್ಲರೂ ಮಲಗಿರುವಾಗ ಕರೆಂಟು ಬಳಸೋರು ಕಡಿಮೆ, ಗಾಳಿಯಂತ್ರಗಳು ಮಾತ್ರ ತಿರುಗುತ್ತಲೇ ಇರುತ್ತವೆ. ಅದಕ್ಕೇ ಕಾರು ಇರುವವರಿಗೆಂದು ಮಾಡಿದ ಪ್ಲಾನುಗಳಲ್ಲಿ ರಾತ್ರಿ ದರ ತುಂಬಾ ಅಗ್ಗ. ಸರ್ಕಾರದ ನಿಯಮವೂ ಅದೇ ದಾರಿಯಲ್ಲಿದೆ. 2022ರ ಜೂನ್ 30ರಿಂದ ಇಲ್ಲಿ ಮಾರುವ ಮನೆ ಚಾರ್ಜರುಗಳು ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ ರಾತ್ರಿ 10ರ ಹೊತ್ತನ್ನು ಬಿಟ್ಟು ಚಾರ್ಜ್ ಮಾಡುವಂತೆ ಮೊದಲೇ ಸೆಟ್ ಆಗಿ ಬರಬೇಕು. ಬೇಡ ಅಂದರೆ ನಾವು ಬದಲಾಯಿಸಿಕೊಳ್ಳಬಹುದು. ಎಲ್ಲ ಮನೆಯ ಕಾರುಗಳೂ ಒಂದೇ ಕ್ಷಣಕ್ಕೆ ಕರೆಂಟು ಎಳೆಯಬಾರದು ಅಂತ ಪ್ರತಿ ಚಾರ್ಜರೂ 10 ನಿಮಿಷದವರೆಗೆ ತಡೆದು ಶುರುವಾಗೋ ಏರ್ಪಾಡೂ ಅದರಲ್ಲಿರುತ್ತದೆ. ನನಗೆ ಬಹಳ ಹಿಡಿಸಿದ ನಿಯಮ ಇದು.

ಮೈಸೂರಿನ ನಮ್ಮ ಭಾವನವರು ಹೊಸದಾಗಿ ಎಲೆಕ್ಟ್ರಿಕ್ ಕಾರು ತಗೊಂಡಾಗ, "ನಿನ್ನ ಸೆಟಪ್ಪೇ ಕಳಿಸಿಬಿಡಪ್ಪ, ಹಾಗೇ ಹಾಕ್ಕೊಳ್ತೀನಿ" ಅಂದರು. ನನ್ನ ಮನೆಯಲ್ಲಿ ಹೋಮ್ ಅಸಿಸ್ಟೆಂಟ್ ಇದೆ. ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳೋ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಉಚಿತ ತಂತ್ರಾಂಶ. ಸೆನ್ಸರುಗಳ ಭಾಗವನ್ನು ಖುಷಿಯಿಂದ ಕಳಿಸಿದೆ. ವೇಳೆಯ ಭಾಗವನ್ನು ಮಾತ್ರ, "ಇದು ಬೇಡ ಭಾವ, ಮೈಸೂರಿಗೆ ಬೇರೆಯೇ ಬರೆಯೋಣ" ಅಂದೆ.

ಸೆನ್ಸರುಗಳು ಎರಡೂ ಕಡೆ ಒಂದೇ. ಕಾರಿಗೆ ಪ್ಲಗ್ ಹಾಕಿದೆಯೋ ಇಲ್ಲವೋ, ಈಗ ಎಷ್ಟು ವ್ಯಾಟ್ ಎಳೀತಿದೆ, ಒಟ್ಟು ಎಷ್ಟು ಯೂನಿಟ್ ಆಯ್ತು. ಮೊದಲನೆಯದು ಚಾರ್ಜರಿಗೇ ಗೊತ್ತಿರುತ್ತದೆ. ಚಾರ್ಜರಿಗೂ ಕಾರಿಗೂ ನಡುವೆ ಒಂದು ಸಣ್ಣ ತಂತಿಯಲ್ಲಿ ಸಂಜ್ಞೆ ಹರಿಯುತ್ತಿರುತ್ತದೆ. ಪ್ಲಗ್ ಹಾಕದಿದ್ದಾಗ 12 ವೋಲ್ಟ್, ಹಾಕಿ ಕಾಯುತ್ತಿದ್ದರೆ 9, ಚಾರ್ಜ್ ಆಗುತ್ತಿದ್ದರೆ 6. ಓಸಿಪಿಪಿ ಅನ್ನೋ ಮುಕ್ತ ಭಾಷೆ ಮಾತಾಡುವ ಚಾರ್ಜರ್ ಆದರೆ ಇದನ್ನೆಲ್ಲ ಹೋಮ್ ಅಸಿಸ್ಟೆಂಟಿಗೆ ನೇರವಾಗಿ ಹೇಳುತ್ತದೆ. 15 ಆಂಪಿನ ಸಾಕೆಟ್ಟಿನಲ್ಲಿ ಚಾರ್ಜ್ ಮಾಡುವವರಿಗೆ ಆ ಸೌಲಭ್ಯ ಇಲ್ಲ. ಅವರು ಆ ಸಾಕೆಟ್ಟಿನ ಫೇಸ್ ವೈರಿನ ಸುತ್ತ, ಹರಿಯುವ ಕರೆಂಟನ್ನು ಅಳೆಯುವ ಒಂದು ಕ್ಲಾಂಪ್ ಸೆನ್ಸರ್ ಹಾಕಿಸಿ, 100 ವ್ಯಾಟ್ ದಾಟಿದರೆ ಕಾರು ಚಾರ್ಜ್ ಆಗುತ್ತಿದೆ ಅಂತ ಲೆಕ್ಕ ಹಿಡಿದರೆ ಸಾಕು. ವ್ಯಾಟನ್ನು ಯೂನಿಟ್ಟಿಗೆ ಕೂಡಿಸಿಕೊಡುವ ಸಲಕರಣೆ ಹೋಮ್ ಅಸಿಸ್ಟೆಂಟ್‌ನಲ್ಲೇ ಇದೆ. ಕಾರಿನ ಆ್ಯಪ್ ತೋರಿಸೋ ಅಂಕಿಯನ್ನೇ ನಂಬಿಕೊಂಡು ಕೂರಬೇಡಿ. ಬ್ಯಾಟರಿಗೆ ಸೇರಿದ್ದು ಬೇರೆ, ಗೋಡೆಯಿಂದ ಹೋಗಿದ್ದು ಬೇರೆ. ನಡುವೆ ಬಿಸಿಯಾಗಿ ಹೋಗುವ ಪಾಲೂ ಬಿಲ್ಲಿಗೆ ಸೇರುತ್ತದಲ್ವಾ?

ಇನ್ನು ವೇಳೆಯ ವಿಷಯ. ಕರ್ನಾಟಕದಲ್ಲಿ ಕರೆಂಟು ಹೇರಳವಾಗಿರೋದು ಹಗಲಿನಲ್ಲಿ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಅಲ್ಲಿ ಬಿಸಿಲು ಸುರಿಯುವ ಹೊತ್ತಿನಲ್ಲಿ ನಾವು ಕಾರನ್ನು ಸುಮ್ನೆ ನಿಲ್ಲಿಸಿ, ಸೂರ್ಯ ಮುಳುಗಿದ ಮೇಲೆ ಚಾರ್ಜಿಗೆ ಹಾಕಿದರೆ ಆ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನಿಂದ ಬರಬೇಕು. ಕೇಂದ್ರ ಸರ್ಕಾರ 2023ರಲ್ಲಿ ತಂದ ನಿಯಮವೂ ಇದನ್ನೇ ಹೇಳುತ್ತದೆ. ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೆ ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ 20 ಶೇಕಡ ಕಡಿಮೆ ಇರಬೇಕು, ಬೇಡಿಕೆ ಏರುವ ಹೊತ್ತಿನಲ್ಲಿ ಜಾಸ್ತಿ ಇರಬೇಕು ಅಂತ.

ಹಗಲಲ್ಲಿ ಕಾರು ಮನೆಯಲ್ಲಿ ಎಲ್ಲಿರುತ್ತೆ ಅಂತ ಕೇಳಬಹುದು. ದಿನಕ್ಕೆ 30 ಕಿಲೋಮೀಟರ್ ಓಡಿಸುವವರಿಗೆ ದಿನಾ ಚಾರ್ಜೇ ಬೇಡ. 3.3 ಕಿಲೋವ್ಯಾಟಿನಲ್ಲಿ ಐದು ಗಂಟೆ ಹಾಕಿದರೆ 16 ಯೂನಿಟ್ ದಾಟುತ್ತದೆ. ಅಷ್ಟರಲ್ಲಿ ಹತ್ತಿರ ಹತ್ತಿರ 100 ಕಿಲೋಮೀಟರ್ ಹೋಗಬಹುದು. ವಾರದಲ್ಲಿ ಎರಡು ಮಧ್ಯಾಹ್ನ ಸಿಕ್ಕರೆ ಸಾಕು. ನಿವೃತ್ತರಾದ ನಮ್ಮ ಭಾವನವರಿಗೆ ಅದೇನು ಕಷ್ಟವಲ್ಲ.

ಊರಿನ ಮನೆಗೆ ಬೇರೆಯ ಜಾಗ್ರತೆಗಳೂ ಬೇಕು. ನಮ್ಮ ಕಡೆಯ ಎಷ್ಟೋ ಮನೆಗಳ ಮಂಜೂರಾದ ಲೋಡ್ ಮೂರು ಕಿಲೋವ್ಯಾಟ್. ಕಾರೊಂದೇ ಅದನ್ನು ದಾಟಿಬಿಡುತ್ತದೆ. ಬೆಳಿಗ್ಗೆ ಗೀಸರ್ ಆನ್ ಆದಾಗ, ಸಂಪಿನಿಂದ ನೀರೆತ್ತುವ ಮೋಟಾರು ಓಡುವಾಗ ಕಾರಿನ ಚಾರ್ಜ್ ನಿಂತುಕೊಳ್ಳಲಿ ಅಂತ ಮೇನ್ ಲೈನಿಗೂ ಒಂದು ಕ್ಲಾಂಪ್ ಹಾಕಿಸಿದೆವು. ಮೊದಲು ಲೋಡ್ ಹೆಚ್ಚಿಸಿಕೊಳ್ಳಿ, ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಬಹಳಷ್ಟು ಕಾರುಗಳು ಚಾರ್ಜೇ ಆಗೋದಿಲ್ಲ. ಸ್ವಿಚ್ ಮಾಡಲು ಅಗ್ಗದ ಸ್ಮಾರ್ಟ್ ಪ್ಲಗ್ ಮಾತ್ರ ಬೇಡವೇ ಬೇಡ. ಗಂಟೆಗಟ್ಟಲೆ 15 ಆಂಪ್ ಹರಿದರೆ ಅದು ಕಾದು ಕರಗೀತು. ಎಲೆಕ್ಟ್ರಿಷಿಯನ್ ಕೈಲಿ ಒಳ್ಳೆಯ ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಕರೆಂಟು ತಾಳುವ ವಿದ್ಯುತ್ ಸ್ವಿಚ್, ಹಾಕಿಸಿ.

ಕರೆಂಟು ಹೋಗಿ ಬರುವುದನ್ನೂ ಲೆಕ್ಕಕ್ಕೆ ತಗೋಬೇಕು. ಇಂಗ್ಲೆಂಡಿನಲ್ಲಿ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಕರೆಂಟು ಬಂದಾಗ ಎಲ್ಲ ಸೆನ್ಸರೂ ಒಟ್ಟಿಗೆ ಎದ್ದು ಕೂರುತ್ತವೆ. ಅದನ್ನೇ ಹೊಸ ಚಾರ್ಜ್ ಅಂತ ತಿಳಿಯದ ಹಾಗೆ ಆಟೊಮೇಷನ್ ಬರೆಯಬೇಕು. ರೂಟರಿಗೂ ಪೈಗೂ ಯುಪಿಎಸ್ ಇರಲಿ.

ಗೃಹಜ್ಯೋತಿಯ ಲೆಕ್ಕವನ್ನಂತೂ ಮರೆಯಬೇಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿನ ಯೂನಿಟ್ಟನ್ನು ಪ್ರತ್ಯೇಕವಾಗಿ ಎಣಿಸುವ ಸೆನ್ಸರ್ ಇದ್ದರೆ, ಕಾರಿಗೆ ಬೇರೆ ಮೀಟರ್ ತಗೊಳ್ಳೋದು ಲಾಭವೋ ಅಲ್ಲವೋ ಅಂತ ಒಂದೇ ತಿಂಗಳಲ್ಲಿ ತಿಳಿಯುತ್ತದೆ. ಬೇರೆ ಸಂಪರ್ಕ ಕೇಳುವ ಹಕ್ಕನ್ನು 2024ರ ನಿಯಮ ಕೊಟ್ಟಿದೆ.

ಹಗಲಲ್ಲಿ ಆಫೀಸಿನಲ್ಲೇ ಇರುವವರ ಕಾರಿಗೆ ಚಾರ್ಜಿಂಗ್ ಸಿಗಬೇಕಾದ್ದು ಆಫೀಸಿನ ಬೇಸ್‌ಮೆಂಟಿನಲ್ಲಿ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಗಟ್ಟಿಯಾಗಿ ಕೇಳಬೇಕು. ಬೆಳಿಗ್ಗೆ ಹತ್ತಕ್ಕೆ ನಿಲ್ಲಿಸಿ ಸಂಜೆ ಆರಕ್ಕೆ ತೆಗೆಯುವ ಕಾರಿಗೆ ವೇಗದ ಚಾರ್ಜರ್ ಏನೂ ಬೇಡ, ಮೀಟರ್ ಇರುವ 15 ಆಂಪಿನ ಸಾಕೆಟ್ ಸಾಕು.