ಎಲ್ಲರನ್ನೂ ‘ರಾಜ’ ಅನ್ನಬೇಡಿ

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಎಂಟನೇ ಕ್ಲಾಸು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಜಿಕೆ ಟೆಸ್ಟಿನ ಪೇಪರ್ ಹಿಡಿದುಕೊಂಡು ಬಂದಳು. ‘ಮಾಮ, ಇದು ತಪ್ಪಾ?’

‘ತೊಕುಗಾವಾ ಇಯೆಯಾಸು ಯಾರು?’ ಅಂತ ಪ್ರಶ್ನೆ. ಇವಳು ‘ಜಪಾನಿನ ಶೋಗನ್’ ಅಂತ ಬರೆದಿದ್ದಾಳೆ. ಶೋಗನ್ ಪದಕ್ಕೆ ಕೆಂಪು ಗೆರೆ ಹೊಡೆದು, ಮೇಲೆ ‘ರಾಜ’ ಅಂತ ತಿದ್ದಿದ್ದಾರೆ. ಅರ್ಧ ಮಾರ್ಕ್ಸ್ ಹೋಗಿದೆ.

ಅರ್ಧ ಮಾರ್ಕ್ಸ್ ಹೋದರೆ ಹೋಗಲಿ. ಸರಿ ಇದ್ದದ್ದನ್ನು ತಪ್ಪು ಮಾಡಿಕೊಟ್ಟರಲ್ಲ, ಅದಕ್ಕೆ ನನಗೆ ಬೇಜಾರಾಯಿತು. ಇದು ಒಂದು ಶಾಲೆಯ ಕಥೆಯಲ್ಲ. ಶೋಗನ್, ಪೇಶ್ವೆ, ನವಾಬ, ನಿಜಾಮ, ದಳವಾಯಿ, ಯಾರೇ ಬಂದರೂ ನಾವು ‘ರಾಜ’ ಅಂತ ಬರೆದು ಮುಂದಕ್ಕೆ ಹೋಗುತ್ತೇವೆ. ಅಲ್ಲಿಗೆ ಅರ್ಧ ಇತಿಹಾಸ ಅಳಿಸಿ ಹೋಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಶೋಗನ್ ಅಂದರೆ ಸೇನಾಪತಿ. ಪೂರ್ತಿ ಬಿರುದಿನ ಅರ್ಥ ‘ಅನಾಗರಿಕರನ್ನು ಬಗ್ಗುಬಡಿಯುವ ಮಹಾ ಸೇನಾಪತಿ’. 1603ರಲ್ಲಿ ಇಯೆಯಾಸುವಿಗೆ ಈ ಪದವಿ ಕೊಟ್ಟಿದ್ದು ಕ್ಯೋಟೊದಲ್ಲಿದ್ದ ಚಕ್ರವರ್ತಿ. ದೇಶ ಆಳಿದ್ದು ಮಾತ್ರ ಇಯೆಯಾಸುವಿನ ಮನೆತನ, ಎಡೊದಿಂದ, ಅಂದರೆ ಇವತ್ತಿನ ಟೋಕಿಯೊದಿಂದ. ಎರಡೂವರೆ ಶತಮಾನಕ್ಕೂ ಜಾಸ್ತಿ. ಅಷ್ಟು ವರ್ಷ ಚಕ್ರವರ್ತಿಗೆ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವನನ್ನು ಯಾರೂ ತೆಗೆದುಹಾಕಲಿಲ್ಲ. 1867ರಲ್ಲಿ ಹದಿನೈದನೇ ಶೋಗನ್ ಯೊಶಿನೊಬು ಅಧಿಕಾರವನ್ನು ವಾಪಸ್ ಕೊಟ್ಟ. ಶೋಗನ್‌ನನ್ನೇ ರಾಜ ಅಂದುಬಿಟ್ಟರೆ ಅವನು ಯಾರಿಗೆ ವಾಪಸ್ ಕೊಟ್ಟ? ಅದರ ಮರುವರ್ಷ ಮೇಜಿ ಚಕ್ರವರ್ತಿಯ ಕೈಗೆ ಅಧಿಕಾರ ಬಂದದ್ದು ಹೇಗೆ? ಮಗುವಿಗೆ ಒಂದೂ ಅರ್ಥ ಆಗುವುದಿಲ್ಲ.

ಅದಕ್ಕೂ ಮೊದಲಿನ ಕಾಲ ಇನ್ನೂ ಸ್ವಾರಸ್ಯ. 1192ರಲ್ಲಿ ಮಿನಾಮೊತೊ ಯೊರಿತೊಮೊ ಶೋಗನ್ ಆದ, ಕಾಮಾಕುರಾದಲ್ಲಿ ಕೂತ. ಅವನು ಸತ್ತ ಮೇಲೆ ಅವನ ಹೆಂಡತಿಯ ತವರಿನವರು, ಹೊಜೊ ಮನೆತನ, ‘ಶಿಕ್ಕೆನ್’ ಅನ್ನುವ ಹುದ್ದೆ ಹಿಡಿದುಕೊಂಡರು. ಶೋಗನ್ ಪರವಾಗಿ ಕೆಲಸ ನೋಡಿಕೊಳ್ಳುವವರು ಅಂತ. ಮುಂದೆ ಕ್ಯೋಟೊದಿಂದ ಒಂದು ಚಿಕ್ಕ ಮಗುವನ್ನು ತಂದು 1226ರಲ್ಲಿ ಶೋಗನ್ ಮಾಡಿದರು. ಚಕ್ರವರ್ತಿಯ ಹೆಸರಲ್ಲಿ ಶೋಗನ್, ಶೋಗನ್ ಹೆಸರಲ್ಲಿ ಶಿಕ್ಕೆನ್. ಮೂವರನ್ನೂ ಒಂದೇ ಪದದಲ್ಲಿ ಹೇಗೆ ಕರೆಯುತ್ತೀರಿ?

ಇನ್ನು ನಮ್ಮ ಪಕ್ಕದ ಪುಣೆ. ಪೇಶ್ವೆ ಅನ್ನುವುದು ಪಾರಸಿ ಪದ, ಮುಂದೆ ನಿಲ್ಲುವವನು ಅಂತ ಅರ್ಥ. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕದ ಹೊತ್ತಿಗೆ ಅಷ್ಟಪ್ರಧಾನರ ಪಾರಸಿ ಹೆಸರುಗಳಿಗೆ ಸಂಸ್ಕೃತದ ಹೆಸರು ಇಟ್ಟರು. ಮಜುಮ್‌ದಾರ ಅಮಾತ್ಯನಾದ, ಸುರ್ನೀಸ ಸಚಿವನಾದ, ಪೇಶ್ವೆ ಮುಖ್ಯ ಪ್ರಧಾನನಾದ. ಜನರ ಬಾಯಲ್ಲಿ ಮಾತ್ರ ಪೇಶ್ವೆ ಹಾಗೇ ಉಳಿಯಿತು. 1713ರಲ್ಲಿ ಶಾಹು ಮಹಾರಾಜ ಬಾಳಾಜಿ ವಿಶ್ವನಾಥನಿಗೆ ಈ ಹುದ್ದೆ ಕೊಟ್ಟ. ಆಮೇಲೆ ಅದು ಒಂದೇ ಮನೆತನದಲ್ಲಿ ಉಳಿಯಿತು. ದಂಡು, ದುಡ್ಡು, ದರಬಾರು ಎಲ್ಲ ಪುಣೆಗೆ ಬಂತು.

ಆದರೆ ಬಾಳಾಜಿಯ ಮಗ, ಪೇಶ್ವೆ ಬಾಜೀರಾಯನ ಮುದ್ರೆ ನೋಡಿ. ಅದರಲ್ಲಿ ಮೊದಲು ಬರುವುದು ಶಾಹುವಿನ ಹೆಸರು. ಅದರ ಕೆಳಗೆ ಬಾಜೀರಾಯ, ಅದೂ ಪ್ರಧಾನ ಅಂತ. ದಿಲ್ಲಿಯ ಬಾಗಿಲವರೆಗೆ ಕುದುರೆ ಓಡಿಸಿದವನು ತನ್ನ ಕಾಗದಕ್ಕೆ ಒತ್ತುತ್ತಿದ್ದ ಮುದ್ರೆ ಇದು. ಹೊಸ ಪೇಶ್ವೆ ಬಂದಾಗಲೆಲ್ಲ ಸಾತಾರಾದ ಛತ್ರಪತಿಯಿಂದ, ಅಂದರೆ ಮರಾಠಾ ದೊರೆಯಿಂದ, ಅಧಿಕಾರದ ಉಡುಗೊರೆ ಬಟ್ಟೆ ಬರಬೇಕಿತ್ತು. ಅದು ಸುಮ್ನೆ ಶಾಸ್ತ್ರ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸರದಾರರೆಲ್ಲ ಪೇಶ್ವೆಯ ಮಾತು ಕೇಳುತ್ತಿದ್ದದ್ದು ಅವನ ಹಿಂದೆ ಛತ್ರಪತಿಯ ಹೆಸರು ಇತ್ತು ಅಂತ. ಮರಾಠಿ ಪೇಪರ್‌ಗಳಲ್ಲಿ ಇವತ್ತಿಗೂ ದೇಶದ ಪ್ರಧಾನಿಗೆ ‘ಪಂತಪ್ರಧಾನ’ ಅಂತಲೇ ಬರೆಯುತ್ತಾರೆ. ಅದು ಪೇಶ್ವೆಯ ಹುದ್ದೆಯ ಹೆಸರೇ.

ನಮ್ಮ ಮನೆಯದೇ ನೋಡಿ. ವಿಜಯನಗರದಲ್ಲಿ ಸದಾಶಿವರಾಯ ಪಟ್ಟದಲ್ಲಿದ್ದಾಗ ರಾಜ್ಯ ನಡೆಸಿದ್ದು ಯಾರು? ಅಳಿಯ ರಾಮರಾಯ. ಶಾಸನಗಳು ಸದಾಶಿವರಾಯನ ಹೆಸರಲ್ಲಿ, ಹುಕುಂ ಅಳಿಯನದು. 1565ರಲ್ಲಿ ರಣರಂಗದಲ್ಲಿ ತಲೆ ಕೊಟ್ಟವನೂ ಅವನೇ. ಅಳಿಯ ಅನ್ನುವ ಸಂಬಂಧದ ಮಾತೇ ಅವನ ಹೆಸರಿಗೆ ಅಂಟಿಕೊಂಡಿತು. ಅವನಿಗೆ ಅರಮನೆಯೊಳಗೆ ಜಾಗ ಹೇಗೆ ಬಂತು ಅನ್ನುವುದನ್ನು ಆ ಮೂರಕ್ಷರವೇ ಹೇಳುತ್ತದೆ. ಕೃಷ್ಣದೇವರಾಯನ ಅಳಿಯ ಅವನು.

ಮೈಸೂರಿನಲ್ಲಿ ದಳವಾಯಿಗಳು. ದಳವಾಯಿ ಅಂದರೆ ದಂಡಿನ ಮುಖ್ಯಸ್ಥ. ಕಳಲೆ ಮನೆತನದ ದೇವರಾಜಯ್ಯ, ನಂಜರಾಜಯ್ಯ ಎಷ್ಟು ಬಲಿತರು ಅಂದರೆ ಒಡೆಯರು ಅರಮನೆಯಲ್ಲಿ ಹೆಸರಿಗೆ ಮಾತ್ರ ಉಳಿದರು. ಮೈಸೂರಿನ ದಳವಾಯಿ ಕೆರೆ ಪಕ್ಕ ದಿನಾ ಓಡಾಡುವವರಲ್ಲಿ ಎಷ್ಟು ಜನಕ್ಕೆ ಈ ಕಥೆ ಗೊತ್ತೋ. 1761ರಲ್ಲಿ ಅವರ ಜಾಗಕ್ಕೆ ಹೈದರ್ ಅಲಿ ಬಂದ. ಅವನೂ ಸಿಂಹಾಸನ ಏರಲಿಲ್ಲ. ದಸರಾದಲ್ಲಿ ಸಿಂಹಾಸನದ ಮೇಲೆ ಕೂರುತ್ತಿದ್ದವರು ಒಡೆಯರೇ. ಟಿಪ್ಪು ಮಾತ್ರ ಈ ಪದ್ಧತಿ ಮುರಿದ, ಬಾದಶಹ ಅಂತ ಕರೆಸಿಕೊಂಡ. ಅಪ್ಪ ರಾಜ, ಮಗ ರಾಜ ಅಂತ ಬರೆದುಬಿಟ್ಟರೆ ಈ ಎರಡು ತಲೆಮಾರಿನ ನಡುವೆ ಆದ ಇಷ್ಟು ದೊಡ್ಡ ಬದಲಾವಣೆ ಎಲ್ಲಿ ಕಾಣುತ್ತದೆ?

ನವಾಬ ಅನ್ನುವ ಪದವೂ ಹಾಗೇ. ನಾಯಬ್ ಅಂದರೆ ಇನ್ನೊಬ್ಬರ ಬದಲಿಗೆ ನಿಂತವನು. ಉತ್ತರ ಭಾರತದ ಕಚೇರಿಗಳಲ್ಲಿ ನಾಯಬ್ ತಹಸೀಲ್ದಾರ್ ಅನ್ನುವ ಹುದ್ದೆ ಇವತ್ತಿಗೂ ಇದೆ. ಆ ನಾಯಬ್‌ನ ಬಹುವಚನದಿಂದಲೇ ನವಾಬ ಬಂದದ್ದು. ನಿಜಾಮ್-ಉಲ್-ಮುಲ್ಕ್ ಅಂದರೆ ರಾಜ್ಯದ ಆಡಳಿತ ನೋಡಿಕೊಳ್ಳುವವನು. ಬೀದರ್, ಕಲಬುರಗಿ, ರಾಯಚೂರು ಎಲ್ಲ ಆಳಿದರೂ, 1857ರ ದಂಗೆಯ ಕಾಲದವರೆಗೆ ಹೈದರಾಬಾದಿನ ನಾಣ್ಯದ ಮೇಲೆ ದಿಲ್ಲಿ ಬಾದಶಹನ ಹೆಸರೇ ಇತ್ತು.

ನೇಪಾಳದಲ್ಲಿ ಇದನ್ನು ಅಂಕಿಯಲ್ಲೇ ಬರೆದರು. ದೊರೆ ‘ಶ್ರೀ 5’. ಅಂದರೆ ಹೆಸರಿನ ಹಿಂದೆ ಐದು ಸಲ ಶ್ರೀ. 1846ರಲ್ಲಿ ಅರಮನೆಯ ‘ಕೋಟ್’ನಲ್ಲಿ, ಅಂದರೆ ಆಯುಧಾಗಾರದಲ್ಲಿ, ದರಬಾರಿನವರ ಹತ್ಯಾಕಾಂಡ ಆಯಿತು, ಅಲ್ಲಿಂದ ಜಂಗ್ ಬಹಾದೂರ್ ರಾಣಾ ಪ್ರಧಾನಿಯಾಗಿ ಅಧಿಕಾರ ಹಿಡಿದ. 1856ರಲ್ಲಿ ಕಾಸ್ಕಿ ಮತ್ತು ಲಮ್‌ಜುಂಗ್‌ನ ಮಹಾರಾಜ ಅನ್ನಿಸಿಕೊಂಡು ‘ಶ್ರೀ 3’ ಆದ. ಪ್ರಧಾನಿ ಪಟ್ಟ ರಾಣಾ ಮನೆತನದಲ್ಲೇ 1951ರವರೆಗೆ ಉಳಿಯಿತು. ಎಲ್ಲ ಅಧಿಕಾರ ಇದ್ದವನಿಗೆ ಮೂರು ಶ್ರೀ, ಏನೂ ಇಲ್ಲದವನಿಗೆ ಐದು. ಸರ್ಕಾರದ ಹೆಸರೇ ‘ಶ್ರೀ 5 ಕೋ ಸರ್ಕಾರ್’ ಅಂತ ಇತ್ತು. 2006ರಲ್ಲಿ ಅದನ್ನು ‘ನೇಪಾಲ್ ಸರ್ಕಾರ್’ ಅಂತ ಬದಲಾಯಿಸಿದರು. ದೊರೆತನ ಪೂರ್ತಿ ಹೋಗಿದ್ದು 2008ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಹೆಸರು ಹೋಗಿತ್ತು.

ನನಗೆ ತುಂಬಾ ಇಷ್ಟವಾದದ್ದು ಮಲಯ ನಾಡಿನದು. ಮಲಕ್ಕಾ ಸುಲ್ತಾನರ ಮುಖ್ಯಮಂತ್ರಿಗೆ ‘ಬೆಂಡಹಾರ’ ಅಂತ ಹೆಸರು. ಇನ್ನೊಂದು ಸಲ ನಿಧಾನಕ್ಕೆ ಓದಿ. ಭಾಂಡಾರ! ಬಸವಣ್ಣನವರನ್ನು ಬಿಜ್ಜಳನ ಭಂಡಾರಿ ಅನ್ನುತ್ತೇವಲ್ಲ, ಅದೇ ಪದ ಸಮುದ್ರ ದಾಟಿ ಹೋಗಿ ಅಲ್ಲಿ ರಾಜ್ಯದ ಎರಡನೇ ದೊಡ್ಡ ಮನುಷ್ಯನ ಹೆಸರಾಗಿದೆ. ಅದೇ ಮಲಯ ನಾಡಿನ ಜೋಹೋರ್ ರಾಜ್ಯದಲ್ಲಿ 1699ರಲ್ಲಿ ಸುಲ್ತಾನ ಮಹಮೂದನ ಕೊಲೆ ಆದಾಗ ಸಿಂಹಾಸನ ಏರಿದವನೂ ಬೆಂಡಹಾರನೇ.

ಈಗಿನ ಮಲೇಷ್ಯಾದಲ್ಲೂ ಪದವೇ ವಿಷಯ ಹೇಳುತ್ತದೆ. ಸುಲ್ತಾನ ಇರುವ ರಾಜ್ಯದ ಮುಖ್ಯಮಂತ್ರಿ ‘ಮೆಂತೆರಿ ಬೆಸಾರ್’, ದೊಡ್ಡ ಮಂತ್ರಿ. ಸುಲ್ತಾನ ಇಲ್ಲದ ಪೆನಾಂಗ್, ಮಲಕ್ಕಾದಲ್ಲಿ ‘ಕೆತುವಾ ಮೆಂತೆರಿ’. ಮೆಂತೆರಿ ಅಂದರೆ ನಮ್ಮ ಮಂತ್ರಿಯೇ. ಇದೇ ಪದ ಪೋರ್ಚುಗೀಸರ ಬಾಯಿಗೆ ಬಿದ್ದು, ಇಂಗ್ಲಿಷಿನಲ್ಲಿ ಚೀನಾದ ಅಧಿಕಾರಿಗಳನ್ನು ಕರೆಯುವ ‘ಮ್ಯಾಂಡರಿನ್’ ಆಯಿತು. ಹೊರಗಿನ ಪದಗಳು ನಮ್ಮ ಕಡೆಗೂ ಬಂದಿವೆ. ಬುಕ್ಕರಾಯನ ಕಾಲದ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಅಂತ ಬಿರುದು ಇದೆಯಲ್ಲ, ಆ ಸುರತ್ರಾಣ ಅಂದರೆ ಸುಲ್ತಾನ.

‘ಇಷ್ಟೆಲ್ಲ ಪದ ಮಕ್ಕಳ ತಲೆಗೆ ಯಾಕೆ ತುಂಬಬೇಕು, ಭಾರ ಆಗಲ್ವಾ’ ಅಂತ ಅಕ್ಕ ಕೇಳಿದಳು. ಕ್ರಿಕೆಟ್ ನೋಡುವ ಮಗುವಿಗೆ ಕ್ಯಾಪ್ಟನ್, ಕೋಚ್, ಸೆಲೆಕ್ಟರ್ ಮೂವರೂ ಬೇರೆ ಅಂತ ಚೆನ್ನಾಗಿ ಗೊತ್ತು. ಯಾರ ಮಾತು ಎಲ್ಲಿ ನಡೆಯುತ್ತದೆ ಅಂತಲೂ ಗೊತ್ತು. ಅದೇ ಮಗು ಛತ್ರಪತಿ ಬೇರೆ, ಪೇಶ್ವೆ ಬೇರೆ ಅನ್ನುವುದನ್ನೂ ಹಿಡಿದುಕೊಳ್ಳುತ್ತದೆ. ಪಾಠ ಬರೆಯುವವರಿಗೆ, ಅನುವಾದ ಮಾಡುವವರಿಗೆ, ಇಲ್ಲಿ ಇತಿಹಾಸದ ಪೋಸ್ಟ್ ಹಾಕುವ ಗೆಳೆಯರಿಗೆ ನನ್ನದೊಂದೇ ಕೋರಿಕೆ. ಪದವಿಯ ಹೆಸರನ್ನು ಹಾಗೇ ಇಡಿ. ಪಕ್ಕದಲ್ಲಿ ಅದರ ಅರ್ಥ ಒಂದು ಸಾಲು ಹಾಕಿ. ಆ ಪದವಿ ಕೊಟ್ಟವರು ಯಾರು ಅಂತ ಇನ್ನೊಂದು ಸಾಲು. ಅಷ್ಟು ಸಾಕು.

ಊಟ ಆದ ಮೇಲೆ ನಾವಿಬ್ಬರೂ ಕೂತೆವು. ರಫ್ ನೋಟ್‌ಬುಕ್ಕಿನಲ್ಲಿ ಅವಳು ಒಂದೊಂದೇ ಹೆಸರು ಬರೆದು, ಪ್ರತಿಯೊಂದರ ಮೇಲೂ ಒಂದು ಬಾಣ ಎಳೆದಳು. ಬಾಣದ ತುದಿಯಲ್ಲಿ ಯಾರಿದ್ದಾರೆ ಅಂತ ಬರೆಯಬೇಕು. ಪೇಶ್ವೆಯ ಮೇಲೆ ಛತ್ರಪತಿ. ಶಿಕ್ಕೆನ್ ಮೇಲೆ ಶೋಗನ್, ಅವನ ಮೇಲೆ ಚಕ್ರವರ್ತಿ. ನಾಳೆ ಪೇಪರ್ ಜೊತೆ ಅದನ್ನೂ ತೆಗೆದುಕೊಂಡು ಹೋಗುತ್ತೇನೆ ಅಂದಳು. ಜಗಳ ಮಾಡಬೇಡ, ಕೇಳು ಅಂದೆ. ಏನಂತ ಕೇಳಬೇಕು ಅನ್ನುವುದನ್ನು ಅವಳೇ ಪುಟದ ಕೊನೆಯಲ್ಲಿ ಬರೆದುಕೊಂಡಳು: ‘ಮಿಸ್, 1867ರಲ್ಲಿ ಶೋಗನ್ ಅಧಿಕಾರ ವಾಪಸ್ ಕೊಟ್ಟಿದ್ದು ಯಾರಿಗೆ?’