ಆ ಫಾರಂ ನೀವೂ ತುಂಬಬಹುದಿತ್ತು

ನಿನ್ನೆ ಸಂಜೆ ಇಂಗ್ಲೆಂಡಿನ ನಮ್ಮೂರ ಹಾಲ್‌ನಲ್ಲಿ ಕೌನ್ಸಿಲ್‌ನವರು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರು, ಹೊಸ ಮನೆಗಳು ಎಲ್ಲಿ ಬರಬೇಕು ಅನ್ನುವ ಹೊಸ ಲೋಕಲ್ ಪ್ಲಾನಿನ ನಕ್ಷೆಗಳನ್ನು ಗೋಡೆಗೆ ಅಂಟಿಸಿ ಜನರನ್ನು ಕರೆದಿದ್ದರು. ಹೋಗಿದ್ದೆ. ವಾಪಸ್ ಬಂದಾಗಿನಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಪ್ಲಾನಿಂಗ್ ಆಫೀಸರ್ ವಯಸ್ಸಿನಲ್ಲಿ ಸಣ್ಣವರು, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಆಕೆಯನ್ನು ಸುತ್ತುವರಿದು ಜನ ಕೂಗಾಡುತ್ತಿದ್ದರು. ಊರಾಚೆಯ ಹೊಲದಲ್ಲಿ ಮನೆ ಕಟ್ಟುವುದಕ್ಕೆ ನೀವು ಒಪ್ಪಿಗೆ ಕೊಟ್ಟಿದ್ದು ಯಾಕೆ ಅಂತ. ಆಕೆ ಪದೇ ಪದೇ ಹೇಳುತ್ತಲೇ ಇದ್ದರು: ಒಪ್ಪಿಗೆ ಕೊಟ್ಟಿಲ್ಲ, ಹೊಲದ ಮಾಲೀಕರು ಈ ಜಾಗವನ್ನು ಪರಿಶೀಲಿಸಿ ಎಂದು ಕೊಟ್ಟಿದ್ದಾರೆ ಅಷ್ಟೇ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಆಕೆಯ ಕಣ್ಣಲ್ಲಿ ನೀರು ಬಂತು. ನನಗೆ ನಾಚಿಕೆಯಾಯಿತು, ನಮ್ಮ ಬೀದಿಯವರೇ ಜಾಸ್ತಿ ಇದ್ದರು ಅಲ್ಲಿ.

ಕರ್ನಾಟಕದಲ್ಲಿರುವ ಗೆಳೆಯರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಜಮೀನು ನಿಮ್ಮದೇ ಆದರೂ ಮನಸ್ಸು ಬಂದಾಗ ಮನೆ ಕಟ್ಟುವ ಹಾಗಿಲ್ಲ. 1947ರ ಪ್ಲಾನಿಂಗ್ ಕಾಯ್ದೆ ಬಂದಾಗಿನಿಂದ ಅದಕ್ಕೆ ಅನುಮತಿ ಬೇಕು. ಮುಂದಿನ ಹದಿನೈದು ವರ್ಷವಾದರೂ ಮನೆಗಳು ಎಲ್ಲಿ ಬರಬೇಕು ಅಂತ ಪ್ರತಿ ಕೌನ್ಸಿಲ್ ಒಂದು ಲೋಕಲ್ ಪ್ಲಾನ್ ಮಾಡಬೇಕು. ಅದರ ಮೊದಲ ಹೆಜ್ಜೆಗಳಲ್ಲಿ ಒಂದು 'ಕಾಲ್ ಫಾರ್ ಸೈಟ್ಸ್'. ನಿಮಗೆ ಗೊತ್ತಿರುವ ಜಾಗ ಇದ್ದರೆ ತಿಳಿಸಿ ಅಂತ ಕೌನ್ಸಿಲ್ ಕೇಳುತ್ತದೆ. ನಕ್ಷೆಯ ಮೇಲೆ ಜಾಗದ ಸುತ್ತ ಕೆಂಪು ಗೆರೆ ಎಳೆದು, ಫಾರಂ ತುಂಬಿ ಕಳಿಸಬೇಕು. ಕೊಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ಆಮೇಲೆ ಪರಿಶೀಲನೆ, ಜನರ ಅಭಿಪ್ರಾಯ ಕೇಳುವ ಎರಡು ಸುತ್ತು, ಸರ್ಕಾರ ನೇಮಿಸಿದ ಇನ್‌ಸ್ಪೆಕ್ಟರ್ ಮುಂದೆ ವಿಚಾರಣೆ. ಅದನ್ನೆಲ್ಲ ದಾಟಿ ಪ್ಲಾನಿನಲ್ಲಿ ಜಾಗ ಸೇರಿದ ಮೇಲೂ ಕಟ್ಟಲು ಬೇರೆ ಅನುಮತಿ ಬೇಕೇ ಬೇಕು.

ನನ್ನ ಸಿಟ್ಟು ಇರುವುದು ಇಲ್ಲಿ. ಆ ಫಾರಂ ಯಾರು ಬೇಕಾದರೂ ಕಳಿಸಬಹುದಿತ್ತು. ಜಮೀನಿನ ಮಾಲೀಕರೇ ಆಗಬೇಕೆಂದಿಲ್ಲ. ವಾರಗಟ್ಟಲೆ ತೆರೆದಿತ್ತು, ಲೈಬ್ರರಿಯಲ್ಲಿ ನೋಟಿಸ್ ಇತ್ತು, ಊರಿನ ಪ್ಯಾರಿಷ್ ಪತ್ರಿಕೆಯಲ್ಲೂ ಬಂದಿತ್ತು. ಹೈಸ್ಟ್ರೀಟ್, ಅಂದರೆ ಊರಿನ ಮುಖ್ಯ ಅಂಗಡಿ ಬೀದಿಯ ಹಿಂದೆ ಮುಚ್ಚಿದ ಗ್ಯಾರೇಜ್ ಇದೆ. ಅದರ ಪಕ್ಕದ ಕಾರ್ ಪಾರ್ಕ್ ಅರ್ಧ ಖಾಲಿ ಬಿದ್ದಿರುತ್ತದೆ. ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇಲ್ಲ. ಅಲ್ಲಿಂದ ಬಸ್ಸು, ಶಾಲೆ, ಡಾಕ್ಟರು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಬಂದ ಜಾಗಗಳ ಪಟ್ಟಿಯನ್ನು ನಿನ್ನೆ ಸಾಲು ಸಾಲಾಗಿ ಓದಿದೆ. ಈ ಮೂರರಲ್ಲಿ ಒಂದೂ ಅದರಲ್ಲಿ ಇಲ್ಲ. ನಿನ್ನೆ ಕೂಗಿದವರಲ್ಲಿ ಒಬ್ಬರಾದರೂ ಆ ಗ್ಯಾರೇಜ್ ಹೆಸರು ಕಳಿಸಿದ್ದರೆ!

ಹೊಲಗಳು ಮಾತ್ರ ಚೆನ್ನಾಗಿ ತಯಾರಾಗಿ ಬಂದಿವೆ. ಅದಕ್ಕೆ ಕಾರಣ ಇದೆ. ಬೇಸಾಯದ ಭೂಮಿಗೆ ಮನೆ ಕಟ್ಟುವ ಅನುಮತಿ ಸಿಕ್ಕರೆ ಬೆಲೆ ಹತ್ತಾರು ಪಟ್ಟು ಏರುತ್ತದೆ. ಹಾಗಾಗಿ ಲ್ಯಾಂಡ್ ಪ್ರಮೋಟರ್ ಕಂಪನಿಗಳು ರೈತರ ಜೊತೆ ಕರಾರು ಮಾಡಿಕೊಂಡು, ಖರ್ಚೆಲ್ಲ ತಾವೇ ಹಾಕಿ, ಮಾರಾಟವಾದಾಗ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ರಸ್ತೆ, ನೆರೆ, ಮರಗಿಡ, ಎಲ್ಲದಕ್ಕೂ ವರದಿ ಜೋಡಿಸುತ್ತವೆ. ಕೌನ್ಸಿಲ್ ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಹಾಕುತ್ತದೆ: ಜಾಗ ಯೋಗ್ಯವೇ, ಸಿಗುತ್ತದೆಯೇ, ಅಲ್ಲಿ ನಿಜವಾಗಿ ಕಟ್ಟಲು ಆಗುತ್ತದೆಯೇ. ಎರಡನೆಯದರಲ್ಲೇ ಗ್ಯಾರೇಜ್ ಸೋಲುತ್ತದೆ. ಅದರ ಮಾಲೀಕರು ಯಾರು, ಕೊಡಲು ಸಿದ್ಧರಿದ್ದಾರಾ ಅಂತ ಬರೆದು ಹೇಳುವವರೇ ಇಲ್ಲ. ಹೊಲದವರು ಆಗಲೇ ಸಹಿ ಹಾಕಿ ಕೂತಿದ್ದಾರೆ. ಹೀಗಾಗಿ ನಕ್ಷೆ ನೋಡಿದರೆ ಊರಿಗೆ ಮನೆ ಎಲ್ಲಿ ಬೇಕು ಅನ್ನುವುದು ಕಾಣುವುದಿಲ್ಲ, ಯಾರು ಮಾರಲು ಕಾಯುತ್ತಿದ್ದಾರೆ ಅನ್ನುವುದು ಕಾಣುತ್ತದೆ.

ಜಾಗ ಹುಡುಕುವುದು ಕೌನ್ಸಿಲ್ ಕೆಲಸ ಅಲ್ವಾ ಅಂತ ಹಾಲ್‌ನಲ್ಲೇ ಒಬ್ಬರು ಕೇಳಿದರು. ಹೌದು, ಬಂದ ಫಾರಂಗಳನ್ನಷ್ಟೇ ನಂಬಿ ಕೂರಬೇಡಿ, ನೀವೂ ಹುಡುಕಿ ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹಿಂದೆ ಕಟ್ಟಡ ಇದ್ದ ಜಾಗಗಳ ಪಟ್ಟಿ ಇಡುವುದು 2017ರಿಂದ ಕಡ್ಡಾಯ ಕೂಡ. ಆದರೆ ಕೈಬೆರಳೆಣಿಕೆಯ ಜನ ಇರುವ ಆಫೀಸು ಇಡೀ ಜಿಲ್ಲೆಯ ಓಣಿ ಓಣಿ ಸುತ್ತುತ್ತದೆ ಅಂತ ಕಾಯುವುದು ಯಾವ ನ್ಯಾಯ? ದಿನಾ ನಾಯಿ ಹಿಡಿದುಕೊಂಡು ಆ ಗ್ಯಾರೇಜ್ ಮುಂದೆ ಹೋಗುವವರು ನಾವು. ಅದು ಯಾವಾಗ ಮುಚ್ಚಿತು, ಕೀಲಿ ಯಾರ ಹತ್ತಿರ ಇದೆ, ಎಲ್ಲ ನಮಗೇ ಗೊತ್ತಿರುವುದು.

ನನಗೆ ಹಸಿರಿನ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಬೇಡಿ. ಆ ಹೊಲದಂಚಿನ ಕಾಲುದಾರಿ ನನಗೂ ಬೇಕು. ಆದರೆ ನಾನಿರುವ ಬೀದಿಯೇ 1970ರ ದಶಕದವರೆಗೆ ಗೋಧಿ ಬೆಳೆಯುತ್ತಿದ್ದ ನೆಲ, ನಿನ್ನೆ ಕೂಗಿದ ಮುಕ್ಕಾಲು ಪಾಲು ಜನರ ಮನೆಯೂ ಅಲ್ಲೇ. ನನ್ನ ಮಗಳು ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಕೆಲಸ ಇದೆ, ಸಂಬಳ ಇದೆ, ಆದರೂ ಇಲ್ಲಿ ಬಾಡಿಗೆ ಕಟ್ಟಲಾಗದೆ ದೂರದ ಊರಲ್ಲಿ ಇನ್ನಿಬ್ಬರ ಜೊತೆ ಮನೆ ಹಂಚಿಕೊಂಡಿದ್ದಾಳೆ. ವಾರದ ಕೊನೆಗೆ ಬಂದಾಗ ಅವಳ ಮುಖ ನೋಡಿದರೆ, ಮನೆಗಳೇ ಬೇಡ ಅನ್ನುವ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ದೇವನಹಳ್ಳಿ ಕಡೆಯವರು ಕೇಳುತ್ತೀರಿ, ಅಲ್ಲೂ ಸರ್ಕಾರ ನಮ್ಮಲ್ಲಿಯ ಹಾಗೆಯೇ ಭೂಮಿ ಕಿತ್ತುಕೊಳ್ಳುತ್ತದಾ ಅಂತ. ಇಲ್ಲ, ಇದು ಬೇರೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗೆ ಮೇಲಿನಿಂದ ನೋಟಿಸ್ ಬಂದಿತ್ತು. ಬೇಡ ಅನ್ನಲು ರೈತರು 2022ರಿಂದ ಧರಣಿ ಕೂರಬೇಕಾಯಿತು, ಸರ್ಕಾರ ಕೈಬಿಟ್ಟಿದ್ದು 2025ರ ಜುಲೈನಲ್ಲಿ. ಇಲ್ಲಿ ಮೊದಲೇ ಕರೆದು ಕೇಳುತ್ತಾರೆ. ಹಾಗೆ ಕೇಳಿದಾಗ ಸುಮ್ನೆ ಕೂರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆಯ ಎಷ್ಟು ರೈತರಿಗೆ ಇಂಥ ಒಂದು ಫಾರಂ ಸಿಕ್ಕಿತ್ತು?

ಈಗ ಸುಮ್ಮನಿದ್ದರೆ ಮುಂದೆ ಕಷ್ಟ ಜಾಸ್ತಿ. ಐದು ವರ್ಷದಲ್ಲಿ 15 ಲಕ್ಷ ಮನೆ ಅಂತ ಇಲ್ಲಿನ ಸರ್ಕಾರ ಗುರಿ ಇಟ್ಟಿದೆ. 2024ರ ಡಿಸೆಂಬರ್‌ನಲ್ಲಿ ನಿಯಮ ಬದಲಾಗಿ, ಕೌನ್ಸಿಲ್‌ಗಳಿಗೆ ಮನೆಗಳ ಸಂಖ್ಯೆ ಮತ್ತೆ ಕಡ್ಡಾಯವಾಯಿತು. ಊರುಗಳ ಸುತ್ತ ಕಟ್ಟಡ ಬಾರದಂತೆ ಕಾಯ್ದಿಟ್ಟ ಗ್ರೀನ್ ಬೆಲ್ಟ್‌ನ ಕೆಲವು ಭಾಗಕ್ಕೆ, ಕಟ್ಟಲು ಅನುಮತಿ ಸ್ವಲ್ಪ ಸುಲಭವಾಗುವ 'ಗ್ರೇ ಬೆಲ್ಟ್' ಅಂತ ಹೊಸ ಗುಂಪೂ ಬಂದಿದೆ. ಊರೊಳಗೆ ಜಾಗ ತೋರಿಸದಿದ್ದರೆ ಲೆಕ್ಕ ತುಂಬಲು ಹೊಲವೇ ಗತಿ. ಅಗತ್ಯ ಇರುವ ಮನೆಗಳಲ್ಲಿ ಹತ್ತರಲ್ಲಿ ಒಂದು ಭಾಗಕ್ಕಾದರೂ ಒಂದು ಹೆಕ್ಟೇರ್ ಮೀರದ ಸಣ್ಣ ಜಾಗ ಗುರುತಿಸಿ ಅಂತ ಅದೇ ನಿಯಮ ಹೇಳುತ್ತದೆ. ಆ ಗ್ಯಾರೇಜ್‌ನಂಥ ಜಾಗಗಳಿಗೆ ಅಲ್ಲೇ ಬಾಗಿಲು ತೆರೆದಿದೆ.

ನಾನು ಇವತ್ತು ಬೆಳಿಗ್ಗೆ ಗ್ಯಾರೇಜ್ ಮತ್ತು ಕಾರ್ ಪಾರ್ಕ್ ಎರಡರ ವಿವರ ಬರೆದು ಕೌನ್ಸಿಲ್‌ಗೆ ಕಳಿಸಿದೆ. ಅಭಿಪ್ರಾಯ ಕೇಳುವ ಈ ಸುತ್ತಿನಲ್ಲೂ ಹೊಸ ಜಾಗ ಸೂಚಿಸಬಹುದು ಅಂತ ಆ ಆಫೀಸರೇ ಹೇಳಿದ್ದರು. ಗ್ಯಾರೇಜ್ ಮಾಲೀಕರ ಹೆಸರನ್ನು ಜಮೀನಿನ ದಾಖಲೆ ಇಡುವ ಲ್ಯಾಂಡ್ ರಿಜಿಸ್ಟ್ರಿಯಿಂದ ತೆಗೆಸಿದೆ, ಕೆಲವೇ ಪೌಂಡು ಖರ್ಚು. ಈ ದೇಶದಲ್ಲಿರುವ ಗೆಳೆಯರೇ, ನಿಮ್ಮ ಕೌನ್ಸಿಲ್ ವೆಬ್‌ಸೈಟಿನಲ್ಲಿ ಕಾಲ್ ಫಾರ್ ಸೈಟ್ಸ್ ತೆರೆದಿದೆಯಾ ಅಂತ ಇವತ್ತೇ ನೋಡಿ. ಕೆಂಪು ಗೆರೆ ಎಳೆಯುವುದು ಹೇಗೆ, ಯಾವ ಕಾಲಂನಲ್ಲಿ ಏನು ಬರೆಯಬೇಕು ಅಂತ ಗೊತ್ತಾಗದಿದ್ದರೆ ಮೆಸೇಜ್ ಮಾಡಿ, ರಾತ್ರಿ ಎಂಟರ ನಂತರ ಫೋನಿನಲ್ಲೂ ಸಿಗುತ್ತೇನೆ.